ಮರ ಸುಟ್ಟಿತು, ಬೀದಿ ಉಳಿಯಿತು

ಫಿನ್‌ಲೆಂಡಿನ ರಾಜಧಾನಿ ಹೆಲ್ಸಿಂಕಿಯಿಂದ ಪೂರ್ವಕ್ಕೆ 50 ಕಿಲೋಮೀಟರ್ ದೂರದಲ್ಲಿ ಪೊರ್ವೋ ಎಂಬ ಊರಿದೆ. ಬಸ್ಸಿನಲ್ಲಿ ಹೋದರೆ ಒಂದು ಗಂಟೆಯ ಪ್ರಯಾಣ. ಬೆಳಿಗ್ಗೆ ಹೋಗಿ ಸಂಜೆ ಹಿಂದಿರುಗುವ ಪ್ರವಾಸಿಗರೇ ಇಲ್ಲಿ ಹೆಚ್ಚು. ಬಂದವರು ಮೊದಲು ನದಿಯ ಹಳೆಯ ಸೇತುವೆಯ ಮೇಲೆ ನಿಂತು ಒಂದು ಫೋಟೊ ತೆಗೆದುಕೊಳ್ಳುತ್ತಾರೆ. ಎದುರಿಗೆ ನೀರಿನ ಅಂಚಿಗೆ ಒತ್ತಿಕೊಂಡು ನಿಂತ ಕೆಂಪು ಬಣ್ಣದ ಮರದ ಮಳಿಗೆಗಳ ಸಾಲು, ಅವುಗಳ ಹಿಂದೆ ದಿಬ್ಬದ ಮೇಲಕ್ಕೆ ಹತ್ತುವ ಹಳದಿ, ನಸುಗೆಂಪು, ತಿಳಿಹಸಿರು ಮನೆಗಳು, ಎಲ್ಲಕ್ಕಿಂತ ಮೇಲೆ ಕಡಿದಾದ ಕಪ್ಪು ಮಾಡಿನ ಒಂದು ಚರ್ಚು. ಫಿನ್‌ಲೆಂಡಿನ ಕ್ಯಾಲೆಂಡರುಗಳಲ್ಲಿ ಈ ನೋಟ ಅಚ್ಚಾದಷ್ಟು ಬಾರಿ ಇನ್ನೊಂದು ಅಚ್ಚಾಗಿರಲಾರದು.

ಇದು ಆ ದೇಶದ ಎರಡನೆಯ ಅತಿ ಹಳೆಯ ಪಟ್ಟಣ. ಇದಕ್ಕಿಂತ ಹಿರಿಯದು ತುರ್ಕು ಒಂದೇ. ಪೊರ್ವೋ ಪಟ್ಟಣವಾದದ್ದು 14ನೇ ಶತಮಾನದಲ್ಲಿ. ಹಾಗೆಂದು ಕೇಳಿದ ಪ್ರವಾಸಿ ಸಹಜವಾಗಿಯೇ ಮರದ ಗೋಡೆಗಳನ್ನು ಮುಟ್ಟಿ ನೋಡುತ್ತಾನೆ. ಆರುನೂರು ವರ್ಷದ ಮರವೇ ಇದು? ಅಲ್ಲ. ಇಲ್ಲಿನ ಬಹುತೇಕ ಮನೆಗಳು 1760ರ ನಂತರದವು. ಹಾಗಾದರೆ ಹಳೆಯದು ಯಾವುದು? ಊರನ್ನು ನಿಧಾನವಾಗಿ ಒಂದು ದಿನ ಸುತ್ತಿದವರಿಗೆ ಈ ಪ್ರಶ್ನೆಗೆ ಉತ್ತರ ಕಾಲಡಿಯಲ್ಲೇ ಸಿಗುತ್ತದೆ.

ಕೆಂಪು ಮಳಿಗೆಗಳಿಂದಲೇ ಆರಂಭಿಸಬಹುದು. ಸಮುದ್ರದಿಂದ ನದಿಯ ಮೂಲಕ ಬಂದ ಸರಕನ್ನು ದೋಣಿಯಿಂದ ನೇರವಾಗಿ ಒಳಗೆ ಇಳಿಸಿಕೊಳ್ಳಲು ವ್ಯಾಪಾರಿಗಳು ಕಟ್ಟಿಕೊಂಡ ಉಗ್ರಾಣಗಳಿವು. ಉಪ್ಪು, ಕಾಫಿ, ತಂಬಾಕು ಒಳಬರುತ್ತಿದ್ದವು. ಮರ ಮತ್ತು ಮರದಿಂದ ಇಳಿಸಿದ ಟಾರು ಹೊರಹೋಗುತ್ತಿದ್ದವು. ಆಗ ಫಿನ್‌ಲೆಂಡು ಸ್ವೀಡನ್ ರಾಜ್ಯದ ಒಂದು ಭಾಗ. 18ನೇ ಶತಮಾನದ ಉತ್ತರಾರ್ಧದಲ್ಲಿ ಸ್ವೀಡನ್ನಿನ ದೊರೆ ಮೂರನೇ ಗುಸ್ತಾವ್ ಬರುತ್ತಾನೆಂದು ಸುದ್ದಿ ಬಂದಾಗ, ಊರಿನ ಮುಖ ಚೆನ್ನಾಗಿ ಕಾಣಲೆಂದು ಅದುವರೆಗೆ ಬೂದುಬಣ್ಣಕ್ಕೆ ತಿರುಗಿ ನಿಂತಿದ್ದ ಮಳಿಗೆಗಳಿಗೆ ಕೆಂಪು ಬಳಿಯಲಾಯಿತು ಎನ್ನುತ್ತಾರೆ. ದೊಡ್ಡವರು ಬರುವ ದಾರಿಗೆ ಸುಣ್ಣಬಣ್ಣ ಮಾಡುವ ಪದ್ಧತಿ ಎಲ್ಲ ದೇಶದಲ್ಲೂ ಒಂದೇ ಎಂದಾಯಿತು.

ಆ ಕೆಂಪಿನ ಕತೆಯೂ ಸ್ವಾರಸ್ಯವಾಗಿದೆ. ಸ್ವೀಡನ್ನಿನ ಫಾಲುನ್ ಎಂಬಲ್ಲಿ ದೊಡ್ಡ ತಾಮ್ರದ ಗಣಿಯಿತ್ತು. ಅಲ್ಲಿ ರಾಶಿ ಬಿದ್ದ ಕಬ್ಬಿಣದ ಅಂಶವಿರುವ ಗಣಿಕಸವನ್ನು ಹುರಿದು ಪುಡಿ ಮಾಡಿದರೆ ಕೆಂಪು ಮಣ್ಣು ಸಿಗುತ್ತದೆ. ಅದನ್ನು ನೀರು, ರೈ ಧಾನ್ಯದ ಹಿಟ್ಟು, ಸ್ವಲ್ಪ ಅನ್ನಭೇದಿಯೊಂದಿಗೆ ಗಂಟೆಗಟ್ಟಲೆ ಕುದಿಸಿದರೆ ಗಂಜಿಯಂಥ ಬಣ್ಣ ಸಿದ್ಧ. ಖರ್ಚು ಕಡಿಮೆ. ಅಂದಿನ ಶ್ರೀಮಂತರ ಇಟ್ಟಿಗೆ ಕಟ್ಟಡಗಳ ಬಣ್ಣವನ್ನು ಬಡವರ ಮರದ ಗೋಡೆಗೆ ತಂದುಕೊಡುವ ಉಪಾಯವೂ ಹೌದು. ಅದಕ್ಕಿಂತ ಮುಖ್ಯವಾಗಿ, ಈ ಬಣ್ಣ ಮರದ ಉಸಿರು ಕಟ್ಟಿಸುವುದಿಲ್ಲ. ಒಳಗೆ ಸೇರಿದ ತೇವ ಹೊರಹೋಗಲು ಬಿಡುತ್ತದೆ. 20ನೇ ಶತಮಾನದಲ್ಲಿ ಹೊಸದಾಗಿ ಬಂದ ಪ್ಲಾಸ್ಟಿಕ್ ಅಂಶದ ಬಣ್ಣಗಳನ್ನು ಹಚ್ಚಿದ ಕಡೆ ತೇವ ಒಳಗೇ ಸಿಕ್ಕಿಬಿದ್ದು ಮರ ಕೊಳೆತದ್ದನ್ನು ಕಂಡ ಮೇಲೆ ನಾರ್ಡಿಕ್ ದೇಶಗಳ ದುರಸ್ತಿಗಾರರು ಮತ್ತೆ ಹಿಟ್ಟಿನ ಬಣ್ಣಕ್ಕೂ ಅಗಸೆ ಎಣ್ಣೆಯ ಬಣ್ಣಕ್ಕೂ ಮರಳಿದ್ದಾರೆ.

ಮಳಿಗೆಗಳ ಬೆನ್ನಿಗೇ ಯೋಕಿಕಾತು, ಅಂದರೆ ನದಿಬೀದಿ. ಅದರ ಪಕ್ಕದ ಏರಿನಲ್ಲಿ ವ್ಯಾಲಿಕಾತು, ಅಂದರೆ ನಡುಬೀದಿ. ಹೆಸರುಗಳಲ್ಲಿ ಯಾವ ಆಡಂಬರವೂ ಇಲ್ಲ. ಫಲಕಗಳು ಎರಡೆರಡು ಭಾಷೆಯಲ್ಲಿವೆ. ಊರಿಗೂ ಎರಡು ಹೆಸರು. ಫಿನ್ನಿಶ್‌ನಲ್ಲಿ ಪೊರ್ವೋ, ಸ್ವೀಡಿಷ್‌ನಲ್ಲಿ ಬೋರ್ಗೋ. ‘ಬೋರಿ’ ಎಂದರೆ ಕೋಟೆ, ‘ಓ’ ಎಂದರೆ ಹೊಳೆ. ಕೋಟೆಹೊಳೆ ಎನ್ನಬಹುದು. ಇಂದಿಗೂ ಇಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಜನರ ಮನೆಮಾತು ಸ್ವೀಡಿಷ್.

ಬೀದಿಗಳಿಗೆ ಗುಂಡುಕಲ್ಲು ಹಾಸಿದೆ. ಅವಸರದಲ್ಲಿ ನಡೆದರೆ ಕಾಲು ಉಳುಕುವುದು ಖಂಡಿತ. ಬೀದಿ ನೇರವಾಗಿ ಹೋಗುವುದೇ ಇಲ್ಲ. ಒಂದು ಮನೆ ಮುಂದೆ ಚಾಚಿದರೆ ಇನ್ನೊಂದು ಹಿಂದೆ ಸರಿದಿರುತ್ತದೆ. ದಿಬ್ಬ ಬಾಗಿದ ಕಡೆ ಬೀದಿಯೂ ಬಾಗುತ್ತದೆ. ಇಬ್ಬರು ಎದುರುಬದುರಾದರೆ ಒಬ್ಬರು ಮೈ ತಿರುಗಿಸಬೇಕಾದ ಓಣಿಗಳೂ ಇವೆ. ಕೆಲವು ಮನೆಗಳ ಕಿಟಕಿಯ ಹೊರಗೆ ಚಿಕ್ಕ ಕನ್ನಡಿ ಸಿಕ್ಕಿಸಿರುವುದನ್ನು ಕಾಣಬಹುದು. ಒಳಗೆ ಕುರ್ಚಿಯಲ್ಲಿ ಕುಳಿತವರಿಗೆ ಬೀದಿಯಲ್ಲಿ ಯಾರು ಬಂದರು, ಯಾರ ಮನೆಗೆ ಹೋದರು ಎಂಬುದು ಅದರಲ್ಲಿ ಕಾಣುತ್ತದೆ. ಇದಕ್ಕೆ ಅಲ್ಲಿನವರು ಇಟ್ಟ ಹೆಸರು ‘ಚಾಡಿ ಕನ್ನಡಿ’!

ಮನೆಗಳ ಹಲಗೆಯ ಹೊದಿಕೆಯನ್ನು ನೋಡಿ ಒಳಗೂ ಹಲಗೆಯೇ ಎಂದುಕೊಳ್ಳಬಾರದು. ಒಳಗಿರುವುದು ಇಡೀ ದಿಮ್ಮಿಗಳು. ಪೈನ್ ಮರದ ದಿಮ್ಮಿಗಳನ್ನು ಅಡ್ಡಲಾಗಿ ಒಂದರ ಮೇಲೊಂದು ಪೇರಿಸಿ, ಮೂಲೆಗಳಲ್ಲಿ ಕಚ್ಚು ಕೊರೆದು ಒಂದಕ್ಕೊಂದು ಕೂರಿಸುತ್ತಾರೆ. ನಡುವಿನ ಸಂದಿಗೆ ಕಾಡಿನ ಪಾಚಿ ತುರುಕುತ್ತಾರೆ. ಚಳಿಗಾಳಿ ಒಳನುಗ್ಗದಂತೆ ತಡೆಯುವುದು ಅದೇ. ಡಿಸೆಂಬರಿನಲ್ಲಿ ದಿನದ ಬೆಳಕು ಆರು ಗಂಟೆಯೂ ಇಲ್ಲದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ದಿಮ್ಮಿಗಳಿಗೆ ಗುರುತು ಹಾಕಿಕೊಂಡರೆ ಇಡೀ ಮನೆಯನ್ನೇ ಬಿಚ್ಚಿ ಬೇರೆ ಊರಿನಲ್ಲಿ ಜೋಡಿಸಬಹುದು. ಹೊರಗಿನ ಹಲಗೆ, ಅದರ ಮೇಲಿನ ತಿಳಿಬಣ್ಣ ಎಲ್ಲ ಬಹುತೇಕ 19ನೇ ಶತಮಾನದ ಅಲಂಕಾರ. ಈ ಮನೆಗಳಿಗೆ ಚಳಿಯ ಭಯವಿರಲಿಲ್ಲ. ಭಯವಿದ್ದದ್ದು ಒಂದಕ್ಕೆ ಮಾತ್ರ.

ಬೆಂಕಿಯ ಲೆಕ್ಕ

ಪೊರ್ವೋ ಎಷ್ಟು ಬಾರಿ ಸುಟ್ಟಿದೆ? 1508ರಲ್ಲಿ ಡೇನರು ಸುಟ್ಟರು. 1708ರಲ್ಲಿ ರಷ್ಯನ್ನರು ಸುಟ್ಟರು. ಬಾಲ್ಟಿಕ್ ಸಮುದ್ರದ ಮೇಲಿನ ಹಿಡಿತಕ್ಕಾಗಿ ದೊಡ್ಡವರು ಕಾದಾಡಿದಾಗಲೆಲ್ಲ ದಂಡೆಯ ಈ ಚಿಕ್ಕ ಊರು ಬೆಲೆ ತೆತ್ತಿತು. ಆದರೆ ಅತಿ ದೊಡ್ಡ ಬೆಂಕಿ ಬಿದ್ದದ್ದು ಶತ್ರುಗಳಿಲ್ಲದ ಕಾಲದಲ್ಲಿ, 1760ರ ಬೇಸಿಗೆಯಲ್ಲಿ. ಊರಿನ ಮೂರರಲ್ಲಿ ಎರಡು ಪಾಲು ಮನೆಗಳು ಬೂದಿಯಾದವು.

ಸುಟ್ಟ ಮರದ ಊರಿನಲ್ಲಿ ಉಳಿಯುವುದೇನು? ಕಲ್ಲಿನ ಪಾಯ, ನೆಲಮಾಳಿಗೆ, ಒಲೆಯ ಇಟ್ಟಿಗೆಗಳ ರಾಶಿ. ಮತ್ತೆ ಉಳಿಯುವುದು, ಇದು ನನ್ನ ಜಾಗ, ಅದು ನಿನ್ನದು ಎಂಬ ನೆನಪು. ಮುಖ್ಯವಾದದ್ದು ಇದೇ. ಊರು ನೆಲಸಮವಾದಾಗ ಬೀದಿಗಳನ್ನು ನೇರ ಮಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಅವಕಾಶ ಬೇರೊಂದಿರಲಿಲ್ಲ. ಪೊರ್ವೋ ಜನ ಅದನ್ನು ಬಳಸಿಕೊಳ್ಳಲಿಲ್ಲ. ಅವರು ಬಹುಮಟ್ಟಿಗೆ ಹಳೆಯ ಜಾಗಗಳಿಗೇ ಹಿಂದಿರುಗಿ ಹಳೆಯ ಬೀದಿಗಳ ಗುಂಟವೇ ಹೊಸ ದಿಮ್ಮಿಗಳನ್ನು ಪೇರಿಸಿದರು. ಹಾಗಾಗಿ ಮನೆಗಳು 18ನೇ ಶತಮಾನದವಾದರೂ ಅವು ನಿಂತಿರುವ ಗೆರೆಗಳು ಮಧ್ಯಯುಗದವು. ಪ್ರವಾಸಿ ಮುಟ್ಟಿ ನೋಡಬೇಕಾದದ್ದು ಗೋಡೆಯನ್ನಲ್ಲ, ತಾನು ಎಡವುತ್ತಿರುವ ಆ ಓಣಿಯ ತಿರುವನ್ನು.

ಬೆಂಕಿಯ ಬಳಿಕ ಎದ್ದ ಕಟ್ಟಡಗಳಲ್ಲಿ ಕೆಲವರು ಎಚ್ಚರಿಕೆಯ ಪಾಠ ಕಲಿತದ್ದು ಕಾಣುತ್ತದೆ. ಚೌಕದಲ್ಲಿರುವ ಹಳೆಯ ಪುರಭವನ 1764ರದ್ದು. ಅದು ಕಲ್ಲಿನದು. ಅದರ ಹತ್ತಿರವೇ ಇರುವ ವ್ಯಾಪಾರಿ ಹೋಲ್ಮ್ ಅವರ ಮನೆಯೂ ಕಲ್ಲಿನದೇ. ಈಗ ಎರಡೂ ವಸ್ತುಸಂಗ್ರಹಾಲಯಗಳು. ಹೋಲ್ಮ್ ಮನೆಯಲ್ಲಿ 18ನೇ ಶತಮಾನದ ಅನುಕೂಲಸ್ಥ ವ್ಯಾಪಾರಿ ಹೇಗೆ ಬದುಕುತ್ತಿದ್ದ ಎಂಬುದನ್ನು ಕೋಣೆ ಕೋಣೆಯಾಗಿ ಜೋಡಿಸಿಟ್ಟಿದ್ದಾರೆ. ಕಲ್ಲಿಗೆ ಹಣವಿಲ್ಲದವರು ಮರದಲ್ಲೇ ಕಟ್ಟಿಕೊಂಡರು, ಬೆಂಕಿಯ ಹೆದರಿಕೆಯನ್ನು ಮಡಿಲಲ್ಲಿಟ್ಟುಕೊಂಡೇ ಬದುಕಿದರು.

ಚಕ್ರವರ್ತಿ ಬಂದದ್ದು

ದಿಬ್ಬದ ತುದಿಯ ಚರ್ಚು ಊರಿನ ಅತಿ ಹಳೆಯ ಕಟ್ಟಡ. ಕಲ್ಲಿನ ಗೋಡೆ, ಮುಂಭಾಗದ ಮುಕ್ಕೋನದಲ್ಲಿ ಇಟ್ಟಿಗೆಯ ಕುಸುರಿ. ಈ ರೂಪ ಬಂದದ್ದು 15ನೇ ಶತಮಾನದಲ್ಲಿ. ರಷ್ಯ ದೇಶವು 1721ರ ಒಪ್ಪಂದದಲ್ಲಿ ಪೂರ್ವದ ವೀಬೋರ್ಗ್ ಪಟ್ಟಣವನ್ನು ಕಿತ್ತುಕೊಂಡಾಗ ಅಲ್ಲಿನ ಬಿಷಪ್ಪರ ಪೀಠ ಇಲ್ಲಿಗೆ ಸರಿಯಿತು. 1723ರಿಂದ ಇದು ಕೆಥೆಡ್ರಲ್. 1923ರ ನಂತರ ಇಡೀ ಫಿನ್‌ಲೆಂಡಿನ ಸ್ವೀಡಿಷ್ ಭಾಷಿಕ ಲೂಥರನ್ನರ ಪೀಠವೂ ಇದೇ ಊರಿನಲ್ಲಿದೆ.

ಫಿನ್‌ಲೆಂಡಿನ ಶಾಲಾ ಮಕ್ಕಳು ಈ ಚರ್ಚಿನ ಹೆಸರನ್ನು ಪಠ್ಯದಲ್ಲಿ ಓದುವುದು ಇನ್ನೊಂದು ಕಾರಣಕ್ಕೆ. 1808ರಲ್ಲಿ ರಷ್ಯದ ಸೈನ್ಯ ಫಿನ್‌ಲೆಂಡಿಗೆ ನುಗ್ಗಿತು. ಯುದ್ಧ ಇನ್ನೂ ಮುಗಿದಿರಲಿಲ್ಲ, ಸ್ವೀಡನ್ ಸೋಲನ್ನು ಕಾಗದದ ಮೇಲೆ ಒಪ್ಪಿರಲೂ ಇಲ್ಲ. ಆಗಲೇ, 1809ರ ಮಾರ್ಚಿಯಲ್ಲಿ, ಚಕ್ರವರ್ತಿ ಒಂದನೇ ಅಲೆಕ್ಸಾಂಡರ್ ಫಿನ್‌ಲೆಂಡಿನ ನಾಲ್ಕು ವರ್ಗಗಳ ಪ್ರತಿನಿಧಿಗಳನ್ನು ಪೊರ್ವೋಗೆ ಕರೆಸಿದ. ಕುಲೀನರು, ಪಾದ್ರಿಗಳು, ಪಟ್ಟಣಿಗರು, ರೈತರು. ಮಾರ್ಚ್ 29ರಂದು ಈ ಚರ್ಚಿನಲ್ಲಿ ಅವರು ಅವನಿಗೆ ನಿಷ್ಠೆಯ ಪ್ರಮಾಣ ಮಾಡಿದರು. ಪ್ರತಿಯಾಗಿ ಅವನು ಅವರ ಲೂಥರನ್ ಧರ್ಮ, ಹಳೆಯ ಕಾನೂನು, ಹಕ್ಕುಗಳನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟ. ಸ್ವೀಡನ್ ಅಧಿಕೃತವಾಗಿ ಫಿನ್‌ಲೆಂಡನ್ನು ಬಿಟ್ಟುಕೊಟ್ಟದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಸುಮಾರು ಆರು ಶತಮಾನ ಸ್ವೀಡನ್ನಿನ ಪ್ರಾಂತಗಳಾಗಿದ್ದ ನೆಲ ತನ್ನದೇ ಆಡಳಿತವಿರುವ ಒಂದು ಮಹಾಸಂಸ್ಥಾನವಾಯಿತು. 1917ರಲ್ಲಿ ಬಂದ ಸ್ವಾತಂತ್ರ್ಯದ ಬೇರನ್ನು ಹುಡುಕುವವರು ಈ ಸಭೆಯ ತನಕ ಹಿಂದೆ ಹೋಗುತ್ತಾರೆ. ಸೆರೆಯೂ ಹೌದು, ಬೀಜವೂ ಹೌದು ಎಂಬ ವಾದ ಇತಿಹಾಸಕಾರರ ನಡುವೆ ಹಳೆಯದು. ಗೆದ್ದವನು ಸೋತವರ ಕಾನೂನನ್ನು ಉಳಿಸುತ್ತೇನೆಂದು ಸೋತವರ ಚರ್ಚಿನಲ್ಲೇ ನಿಂತು ಹೇಳುವುದು ಆ ಕಾಲಕ್ಕೆ ಅಪರೂಪವೇ ಆಗಿತ್ತು.

ಆದರೆ ಕಾನೂನು ಉಳಿಸುತ್ತೇವೆಂದವರು ಊರನ್ನು ಉಳಿಸುತ್ತೇವೆಂದು ಹೇಳಿರಲಿಲ್ಲ.

ಹೊಸ ಆಡಳಿತಕ್ಕೆ ಹೊಸ ರೂಪದ ಪಟ್ಟಣಗಳು ಬೇಕಾಗಿದ್ದವು. ಹೆಲ್ಸಿಂಕಿ 1808ರಲ್ಲಿ ಸುಟ್ಟಿತ್ತು. ಅದನ್ನು ರಾಜಧಾನಿಗೆ ತಕ್ಕಂತೆ ಮತ್ತೆ ಕಟ್ಟುವ ಕೆಲಸಕ್ಕೆ ಬಂದವನು ಬರ್ಲಿನ್ನಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಕಾರ್ಲ್ ಲುಡ್ವಿಗ್ ಎಂಗೆಲ್. ಇಂದು ಹೆಲ್ಸಿಂಕಿಗೆ ಹೋದವರೆಲ್ಲ ನೋಡುವ ಸೆನೆಟ್ ಚೌಕ ಅವನದೇ. 1827ರ ಸೆಪ್ಟೆಂಬರಿನಲ್ಲಿ ತುರ್ಕುವಿಗೆ ಬೆಂಕಿ ಬಿತ್ತು. ನಾರ್ಡಿಕ್ ದೇಶಗಳ ಚರಿತ್ರೆಯ ಭೀಕರ ಬೆಂಕಿಗಳಲ್ಲಿ ಅದೊಂದು. ದೇಶದ ಅತಿ ಹಳೆಯ ಪಟ್ಟಣದ ಮುಕ್ಕಾಲು ಪಾಲು ಹೋಯಿತು, ವಿಶ್ವವಿದ್ಯಾಲಯವನ್ನೇ ಹೆಲ್ಸಿಂಕಿಗೆ ಸಾಗಿಸಬೇಕಾಯಿತು. ತುರ್ಕುವಿಗೆ ಹೊಸ ನಕ್ಷೆ ಬರೆದವನೂ ಎಂಗೆಲ್. ಅಗಲವಾದ ನೇರ ಬೀದಿಗಳು, ಮನೆ ಮನೆಗಳ ನಡುವೆ ಅಂತರ, ಬೆಂಕಿಯನ್ನು ತಡೆಯಲು ಎಲೆ ತುಂಬಿದ ಮರಗಳ ಸಾಲು. ಇಕ್ಕಟ್ಟಾದ ಮರದ ಪೇಟೆ ಎಂದರೆ ಹೊತ್ತಿಸದ ಸೌದೆಯ ಒಟ್ಟು ಎಂದೇ ಆ ಕಾಲದ ಅಧಿಕಾರಿಗಳ ಎಣಿಕೆ. ಅದು ತಪ್ಪೆಂದು ಹೇಳುವುದೂ ಕಷ್ಟ.

ಅದೇ ಎಣಿಕೆಯಲ್ಲಿ ಪೊರ್ವೋಗೂ ಒಂದು ನಕ್ಷೆ ಬಂತು. 1832ರಲ್ಲಿ ಚಕ್ರವರ್ತಿ ಒಂದನೇ ನಿಕೊಲಾಸ್ ಎಂಗೆಲ್‌ನ ಯೋಜನೆಗೆ ಒಪ್ಪಿಗೆ ಕೊಟ್ಟ. ಹಳೆಯ ಪೇಟೆಯನ್ನು ಕೆಡವಿ ಚದುರಂಗದ ಮಣೆಯಂಥ ಹೊಸ ಊರು ಕಟ್ಟಬೇಕೆಂಬುದು ಉದ್ದೇಶ. ಪಟ್ಟಣಿಗರು ವಿರೋಧಿಸಿದರು. ಕಾರಣ ಊಹಿಸುವುದು ಕಷ್ಟವಲ್ಲ. ಅಂಗಡಿ ನದಿಯ ಹತ್ತಿರ ಇರಬೇಕು. ಪಾಯ, ನೆಲಮಾಳಿಗೆ ಆಗಲೇ ಇವೆ. ಹೊಸ ಜಾಗಕ್ಕೆ ಹೋಗುವ ಖರ್ಚು ಯಾರು ಕೊಡುತ್ತಾರೆ? ಪರಂಪರೆ, ಸಂರಕ್ಷಣೆ ಎಂಬ ಮಾತುಗಳು ಆಗ ಯಾರ ಬಾಯಲ್ಲೂ ಇದ್ದಿರಲಾರವು. ಇದ್ದದ್ದು ತಮ್ಮ ಮನೆ ಬಿಡಲು ಒಪ್ಪದ ಜನರ ಹಟ. ಕೊನೆಗೆ ಹೊಸ ಊರು ಹಳೆಯದರ ದಕ್ಷಿಣಕ್ಕೆ ಎದ್ದಿತು. ಹಳೆಯದು ಹಾಗೆಯೇ ಉಳಿಯಿತು.

ಕಾಲ ಕಳೆದಂತೆ ಹೊಸ ಪೇಟೆಗೆ ಹಣವಂತರು ಸರಿದರು, ಹಳೆಯದು ಬಡವರ ಪಾಲಾಯಿತು. ಒಡೆದು ಕಟ್ಟಲು ದುಡ್ಡಿಲ್ಲದ್ದರಿಂದಲೂ ಕಟ್ಟಡಗಳು ಉಳಿಯುತ್ತವೆ! ಆದರೂ ಕೆಡವುವ ಮಾತು ಸಂಪೂರ್ಣ ನಿಂತಿರಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಅದು ಮತ್ತೆ ಎದ್ದಾಗ ಹಳೆಯ ಪೇಟೆಯ ಪರವಾಗಿ ಗಟ್ಟಿ ದನಿ ಎತ್ತಿದವನು ಹೊರಗಿನವನೊಬ್ಬ. ಅವನು ಸ್ವೀಡನ್ನಿನ ಚಿತ್ರಕಾರ, ಕೌಂಟ್ ಲೂಯಿ ಸ್ಪಾರೆ. ಇವನು ಪೊರ್ವೋದಲ್ಲಿ 1897ರಲ್ಲಿ ಐರಿಸ್ ಎಂಬ ಕಾರ್ಖಾನೆ ತೆರೆದು ಪೀಠೋಪಕರಣ ಮಾಡಿಸುತ್ತಿದ್ದ. ಅಲ್ಲಿ ಕುಂಬಾರಿಕೆಯ ವಿಭಾಗ ನೋಡಿಕೊಳ್ಳುತ್ತಿದ್ದವನು ಕಲಾವಿದ ಎ. ಡಬ್ಲ್ಯು. ಫಿಂಚ್. ಕಾರ್ಖಾನೆ ಐದೇ ವರ್ಷದಲ್ಲಿ, 1902ರಲ್ಲಿ, ಮುಚ್ಚಿತು. ವ್ಯಾಪಾರದಲ್ಲಿ ಸೋತ ಸ್ಪಾರೆ ಬೀದಿಗಳ ವಿಷಯದಲ್ಲಿ ಗೆದ್ದ ಎನ್ನಬೇಕು. ಸ್ಥಳೀಯರಿಗೆ ಬರಿಯ ಹಳೆಮನೆಗಳಾಗಿದ್ದವು ಅವನ ಕಣ್ಣಿಗೆ ಚಿತ್ರವಾಗಿ ಕಂಡವು. ಆ ನೋಟವನ್ನು ಅವನು ಊರಿಗೂ ಕಲಿಸಿದ. ಐರಿಸ್‌ನ ಕುರ್ಚಿ, ಹೂದಾನಿಗಳನ್ನು ಹಳೆಯ ಪುರಭವನದ ಸಂಗ್ರಹದಲ್ಲಿ ಈಗಲೂ ಇಟ್ಟಿದ್ದಾರೆ.

ಕವಿಯ ಕನ್ನಡಿ

ಮಧ್ಯಾಹ್ನ ದಿಬ್ಬ ಇಳಿದು ದಕ್ಷಿಣಕ್ಕೆ ನಡೆದರೆ ಒಂದೇ ತಿರುವಿನಲ್ಲಿ ಊರು ಬದಲಾಗುತ್ತದೆ. ಬೀದಿಗಳು ಇದ್ದಕ್ಕಿದ್ದಂತೆ ಅಳತೆಪಟ್ಟಿ ಇಟ್ಟು ಎಳೆದಂತೆ ನೇರವಾಗುತ್ತವೆ. ಇದು ಎಂಗೆಲ್‌ನ ಭಾಗ. ಇಲ್ಲಿನ ಮನೆಗಳೂ ಮರದವೇ, ಆದರೆ ಅಗಲವಾಗಿ, ಶಿಸ್ತಾಗಿ ಕುಳಿತಿವೆ. ಅವುಗಳಲ್ಲೊಂದು ಯೋಹಾನ್ ಲುಡ್ವಿಗ್ ರೂನೆಬರ್ಗ್ ಮನೆ. ಫಿನ್‌ಲೆಂಡಿನ ರಾಷ್ಟ್ರಕವಿ ಎಂದು ಕರೆಸಿಕೊಂಡವರು. ರಾಷ್ಟ್ರಗೀತೆಯೂ ಅವರದೇ ಪದ್ಯ. ಬರೆದದ್ದು ಮಾತ್ರ ಸ್ವೀಡಿಷ್‌ನಲ್ಲಿ. 1837ರಲ್ಲಿ ಇಲ್ಲಿನ ಶಾಲೆಗೆ ಉಪಾಧ್ಯಾಯರಾಗಿ ಬಂದವರು 1877ರಲ್ಲಿ ತೀರಿಕೊಳ್ಳುವವರೆಗೂ ಊರು ಬಿಡಲಿಲ್ಲ. 1863ರಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಅವರು ಹೆಚ್ಚುಕಡಿಮೆ ಹಾಸಿಗೆಗೇ ಅಂಟಿದರು. ಕಿಟಕಿಯ ಹೊರಗೆ ಬರುವ ಹಕ್ಕಿಗಳನ್ನು ಮಲಗಿದಲ್ಲಿಂದಲೇ ನೋಡಲು ಒಂದು ಕನ್ನಡಿ ಇಡಿಸಿದ್ದರು. ಹಳೆಯ ಪೇಟೆಯ ಚಾಡಿ ಕನ್ನಡಿಯನ್ನು ಬೆಳಿಗ್ಗೆ ನೋಡಿ ಬಂದವರಿಗೆ ಈ ಕನ್ನಡಿಯ ಮುಂದೆ ನಿಂತಾಗ ಬೇರೆಯೇ ಭಾವ ಬರುತ್ತದೆ.

ಅವರ ಪತ್ನಿ ಫ್ರೆಡ್ರಿಕಾ ಕೂಡ ಲೇಖಕಿ, ಕಾದಂಬರಿಕಾರ್ತಿ. ಆದರೆ ಊರಿನಲ್ಲಿ ಆಕೆಯ ಹೆಸರು ಹೆಚ್ಚು ಕೇಳಿಬರುವುದು ಒಂದು ತಿಂಡಿಯ ಜೊತೆಗೆ. ಬಾದಾಮಿ ಹಾಕಿ ಬೇಯಿಸಿದ ಗಿಡ್ಡ ಕಂಬದಂಥ ಕೇಕು, ತುದಿಯಲ್ಲಿ ರಾಸ್ಬೆರಿ ಜಾಮಿನ ಬೊಟ್ಟು, ಸುತ್ತ ಸಕ್ಕರೆಯ ಬಳೆ. ಕವಿಯ ಹುಟ್ಟುಹಬ್ಬ ಫೆಬ್ರವರಿ 5ರ ಆಸುಪಾಸಿನಲ್ಲಿ ದೇಶದಲ್ಲೆಲ್ಲ ಸಿಗುವ ಈ ಕೇಕು ಪೊರ್ವೋದಲ್ಲಿ ವರ್ಷವಿಡೀ ಸಿಗುತ್ತದೆ. ಕಾದಂಬರಿ ಬರೆದವಳನ್ನು ಕೇಕಿನಿಂದ ನೆನೆಯುವುದು ಅಷ್ಟೇನೂ ನ್ಯಾಯವಲ್ಲ, ರುಚಿ ಎಷ್ಟೇ ಚೆನ್ನಾಗಿದ್ದರೂ. 1882ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಮನೆ ಫಿನ್‌ಲೆಂಡಿನಲ್ಲಿ ಒಬ್ಬ ವ್ಯಕ್ತಿಯ ವಾಸದ ಮನೆಯನ್ನು ವಸ್ತುಸಂಗ್ರಹಾಲಯ ಮಾಡಿದ ಮೊದಲ ಉದಾಹರಣೆ.

ಬೆಂಕಿಯ ಕತೆ ಮುಗಿಯಿತೆಂದುಕೊಂಡವರು 2006ರ ಮೇ 29ನ್ನು ಮರೆಯಬಾರದು. ಅಂದು ನಸುಕಿನಲ್ಲಿ ಕೆಥೆಡ್ರಲ್‌ನ ಮಾಡು ಹೊತ್ತಿ ಉರಿಯಿತು. ಈ ಬಾರಿ ಡೇನರೂ ಅಲ್ಲ, ರಷ್ಯನ್ನರೂ ಅಲ್ಲ. ಬೆಂಕಿ ಇಟ್ಟದ್ದು ಒಬ್ಬ ತರುಣ. ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿತು. ಕಡಿದಾದ ಆ ದೊಡ್ಡ ಮಾಡು ಪೂರ್ತಿ ಕುಸಿದು ಬಿತ್ತು. ಆದರೆ ಮಧ್ಯಯುಗದ ಗಾರೆಯವರು ಅದರ ಕೆಳಗೆ ಕಟ್ಟಿದ್ದ ಇಟ್ಟಿಗೆಯ ಕಮಾನು ಚಾವಣಿ ಉರಿಯುವ ತೊಲೆಗಳ ಭಾರವನ್ನು ತಡೆದುಕೊಂಡಿತು. 1809ರ ಪ್ರಮಾಣ ನಡೆದ ಒಳಾಂಗಣ ಉಳಿದದ್ದು ಅದರಿಂದ.

ಮತ್ತೆ ಹಳೆಯ ಪ್ರಶ್ನೆಯೇ ಎದುರಾಯಿತು. ಬೆಂಕಿ ಹತ್ತದ ಲೋಹದ ತಗಡು ಹಾಕಬಹುದಿತ್ತು. ಮಾಡನ್ನು ಮೊದಲಿನಂತೆಯೇ ಮರದ ತೆಳುಹಲಗೆಗಳಿಂದ ಹೊದಿಸಿ ಟಾರು ಬಳಿಯಲಾಯಿತು. 2008ರ ಕೊನೆಯ ವೇಳೆಗೆ ಚರ್ಚು ಮತ್ತೆ ತೆರೆಯಿತು. 1760ರಲ್ಲಿ ಹಳೆಯ ಓಣಿಗೇ ಹಿಂದಿರುಗಿದವರಿಗೆ ಬೇರೆ ದಾರಿ ಇರಲಿಲ್ಲವೆನ್ನಬಹುದು. 2006ರವರಿಗೆ ಇತ್ತು. ಅವರು ತಿಳಿದೂ ತಿಳಿದೂ ಮರವನ್ನೇ ಆರಿಸಿಕೊಂಡರು.

ಸಂಜೆಗೆ ಸಮಯ ಉಳಿದವರು ಚರ್ಚಿನಿಂದಾಚೆ ತುಸು ದೂರದ ಲಿನ್ನನ್‌ಮಾಕಿಗೆ, ಅಂದರೆ ಕೋಟೆಗುಡ್ಡಕ್ಕೆ ಹೋಗಿ ಬರಬಹುದು. ಊರಿಗೆ ಹೆಸರು ಕೊಟ್ಟ ಕೋಟೆ ಇದೇ. ಕೋಟೆಯೇನೂ ಈಗ ಇಲ್ಲ. ಪೈನ್ ಮರಗಳ ನಡುವೆ ಆಳವಾದ ಕಂದಕಗಳು, ಹುಲ್ಲು ಬೆಳೆದ ಮಣ್ಣಿನ ದಿಂಡುಗಳು ಇವೆ, ಅಷ್ಟೇ. ಅದೂ ಮರದ ಕೋಟೆಯೇ ಆಗಿತ್ತೆನ್ನುತ್ತಾರೆ. ಜೂನ್ ತಿಂಗಳಾದರೆ ರಾತ್ರಿ ಹತ್ತೂವರೆಯವರೆಗೂ ಬೆಳಕಿರುತ್ತದೆ, ಆತುರಪಡಬೇಕಾಗಿಲ್ಲ. ಅಂಗಡಿಗಳು ಮುಚ್ಚಿ ಪ್ರವಾಸಿಗರು ಕರಗಿದ ಮೇಲೆ ಹಳೆಯ ಪೇಟೆಯಲ್ಲಿ ವಾಸವಿರುವವರು ಹೊರಗೆ ಬರುತ್ತಾರೆ. ಹಿತ್ತಲ ಬಾಗಿಲುಗಳು ತೆರೆದುಕೊಳ್ಳುತ್ತವೆ, ಸೈಕಲ್ಲುಗಳು ಗುಂಡುಕಲ್ಲಿನ ಮೇಲೆ ಗಡಗಡ ಎನ್ನುತ್ತವೆ, ಯಾರೋ ಏಣಿ ಹಾಕಿ ಕಿಟಕಿಯ ಚೌಕಟ್ಟಿಗೆ ಬಣ್ಣ ಹಚ್ಚುತ್ತಿರುತ್ತಾರೆ. ಹೆಲ್ಸಿಂಕಿಗೆ ಹಿಂದಿರುಗುವ ಬಸ್ಸು ಮಾತ್ರ ಸಿಗುವುದು ಮಾರುಕಟ್ಟೆ ಚೌಕದ ಬಳಿ, ಎಂಗೆಲ್ ಎಳೆದ ನೇರ ಗೆರೆಗಳ ನಡುವೆ.